ಒತ್ತಿದರೆ ಮಾತು, ಬಿಟ್ಟರೆ ಕಿವಿ

ಮೆಟ್ಟಿಲ ಓಣಿಯಲ್ಲಿ ಆಕೆಯ ನಿಜವಾದ ಹೆಸರು ಗೊತ್ತಿದ್ದವನು ಅಂಚೆಯವನೊಬ್ಬನೇ. ಉಳಿದವರಿಗೆಲ್ಲ ಆಕೆ ಮೈಕಮ್ಮ. ಹೆಸರಿಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಯಾಕೆ ಇಟ್ಟರೆಂದು ಯಾರೂ ಬಿಡಿಸಿ ಹೇಳಬೇಕಾಗಿಯೂ ಇರಲಿಲ್ಲ. ಮೇಲಿನ ಮೆಟ್ಟಿಲಲ್ಲಿ ನಿಂತು ಆಕೆ ಪಿಸುಗುಟ್ಟಿದರೆ ಕೆಳಗಿನ ಮನೆಯ ಬೆಕ್ಕು ಕಿವಿ ನಿಮಿರಿಸುತ್ತಿತ್ತು.

ಈ ದನಿ ಹುಟ್ಟಿನಿಂದ ಬಂದದ್ದಲ್ಲ, ಕೆಲಸದಿಂದ ಬಂದದ್ದು. ಹರೆಯದಲ್ಲಿ ಆಕೆ ನೂಲಿನ ಗಿರಣಿಗೆ ಸೇರಿದಳು. ನೂಲನ್ನು ಕಂಡಿಕೆಗೆ ಸುತ್ತುವ ಖಾತೆ. ಅಲ್ಲಿನ ಯಂತ್ರಗಳ ಗದ್ದಲದಲ್ಲಿ ಪಕ್ಕದವಳ ಜೊತೆ ಮಾತಾಡಬೇಕಾದರೂ ಹೊಟ್ಟೆಯಿಂದ ಕೂಗಬೇಕಿತ್ತು, ಇಲ್ಲವೆ ತುಟಿ ನೋಡಿ ಅರ್ಥಮಾಡಿಕೊಳ್ಳಬೇಕಿತ್ತು. ಮೈಕಮ್ಮ ಎರಡನ್ನೂ ಕಲಿತಳು. ಗಿರಣಿ ಮುಚ್ಚಿದಾಗ ಕೆಲಸ ಹೋಯಿತು, ದನಿ ಉಳಿಯಿತು. ಗಂಡನದು ಗಡಿಯಾರ ರಿಪೇರಿಯ ಅಂಗಡಿ. ಅದರ ಮುಂಭಾಗದಲ್ಲಿ ಒಂದು ಹೊಲಿಗೆ ಯಂತ್ರ ಹಾಕಿಕೊಂಡು, ಹರಿದದ್ದನ್ನು ಹೊಲಿಯುತ್ತ, ಉದ್ದವಾದದ್ದನ್ನು ಗಿಡ್ಡ ಮಾಡುತ್ತ ಕೂತಳು. ಮಾತನ್ನು ಮಾತ್ರ ಆಕೆ ಎಂದೂ ಗಿಡ್ಡ ಮಾಡಿದವಳಲ್ಲ. ಗಂಡ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತರೆ ಕೂತ, ಹ್ಞೂಂ ಅಂದರೆ ಅಂದ. ಮದುವೆಯ ದಿನವೇ ತನ್ನ ಪಾಲಿನ ಮಾತನ್ನೆಲ್ಲ ಹೆಂಡತಿಗೆ ಬರೆದುಕೊಟ್ಟುಬಿಟ್ಟಿದ್ದಾನೆ ಎಂದು ಓಣಿಯವರು ನಗುತ್ತಿದ್ದರು.

ಓಣಿ ಇರುವುದು ಗುಡ್ಡದ ಮಡಿಲಲ್ಲಿ. ಹಿಂದೆ ಗುಡ್ಡ, ಅದನ್ನು ಹಿಡಿದು ನಿಲ್ಲಿಸಿದ ಎತ್ತರದ ತಡೆಗೋಡೆ, ಗೋಡೆಯ ಮುಂದೆ ಕಲ್ಲಿನ ಮೆಟ್ಟಿಲುಗಳು, ಮೆಟ್ಟಿಲ ಎರಡೂ ಬದಿಗೆ ಒಂದರ ಹೆಗಲ ಮೇಲೆ ಒಂದು ಕೂತಂತೆ ಮನೆಗಳು. ಮೊಬೈಲ್ ಗೋಪುರ ಗುಡ್ಡದ ಆಚೆ ಇದ್ದುದರಿಂದ ಅದರ ಅಲೆಗಳು ಇಲ್ಲಿಗೆ ಇಳಿಯುವುದಿಲ್ಲ. ಫೋನು ಮಾಡಬೇಕಾದವರು ತುದಿಯ ಮೆಟ್ಟಿಲಿಗೆ ಹತ್ತಿ, ಕೈಯೆತ್ತಿಕೊಂಡು, ಯಾರಿಗೋ ಶರಣಾದವರಂತೆ ನಿಲ್ಲಬೇಕು.

ಈ ತೊಂದರೆಗೆ ಮದ್ದು ತಂದವರು ಓಣಿಯ ನಡುವಿನ ಮನೆಯ ಫೋರ್‌ಮನ್ನರು. ಗುಡ್ಡದಡಿಯಲ್ಲಿ ಸುರಂಗ ಕೊರೆದ ಕಂಪನಿಯಲ್ಲಿ ಅವರ ಇಡೀ ಆಯುಷ್ಯ ಕಳೆದಿತ್ತು. ಕೆಲಸ ಮುಗಿಸಿ ಕಂಪನಿ ಗಂಟುಮೂಟೆ ಕಟ್ಟುವಾಗ, ಎಸೆಯಲೆಂದು ಇಟ್ಟಿದ್ದ ವಾಕಿಟಾಕಿಗಳ ಪೆಟ್ಟಿಗೆಯನ್ನು ಕೇಳಿ ತಂದು, ಸರಿಪಡಿಸಿ, ಮನೆಗೊಂದು ಹಂಚಿದರು. ಜೊತೆಗೆ ಸುರಂಗದ ಶಿಸ್ತನ್ನೂ ಹಂಚಿದರು. ಸೆಟ್ಟು ಯಾವಾಗಲೂ ಮೈಮೇಲಿರಬೇಕು. ಮಾತು ಚಿಕ್ಕದಾಗಿರಬೇಕು. ಮಾತು ಮುಗಿದ ಮೇಲೆ ‘ಬಿಟ್ಟೆ’ ಅನ್ನಬೇಕು, ಅಂದರೆ ಗುಂಡಿಯಿಂದ ಬೆರಳು ತೆಗೆದೆ, ಇನ್ನು ನೀವು ಮಾತಾಡಬಹುದು ಎಂದು. ಒಬ್ಬರು ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ಮಿಕ್ಕವರೆಲ್ಲ ಬರೀ ಕಿವಿ. ಅವರು ಎಷ್ಟು ಒತ್ತಿದರೂ ದನಿ ಹೊರಗೆ ಹೋಗದು. ಇದು ಯಂತ್ರದ ಗುಣ, ಯಾರ ಮುಲಾಜೂ ಅದಕ್ಕಿಲ್ಲ.

ದಿನಾ ಬೆಳಿಗ್ಗೆ ಫೋರ್‌ಮನ್ನರು ಕೆಳಗಿನಿಂದ ಒಂದೊಂದೇ ಮನೆಯನ್ನು ಕರೆಯುತ್ತಿದ್ದರು. ‘ಇದ್ದೀವಿ, ಬಿಟ್ಟೆ’ ಎಂದು ಆ ಮನೆಯವರು ಹೇಳಬೇಕು. ಉತ್ತರ ಬಾರದ ಮನೆಗೆ ಪಕ್ಕದವರು ಹೋಗಿ ಬಾಗಿಲು ಬಡಿಯಬೇಕು. ಅಭ್ಯಾಸ ಎಷ್ಟು ಬಲಿಯಿತೆಂದರೆ ಗಂಡಹೆಂಡಿರು ಜಗಳವಾಡುವಾಗಲೂ ಮಾತಿನ ಕೊನೆಗೆ ‘ಬಿಟ್ಟೆ’ ಎನ್ನತೊಡಗಿದರು. ಅದರಿಂದ ಜಗಳಕ್ಕೂ ಒಂದು ಶಿಸ್ತು ಬಂತು.

ಮೈಕಮ್ಮನಿಗೆ ಮಾತ್ರ ಈ ಶಿಸ್ತು ಹತ್ತಲಿಲ್ಲ. ಗುಂಡಿ ಒತ್ತಿದರೆ ಇಡೀ ಓಣಿ ಕಿವಿಗೊಡುತ್ತದೆ ಎಂಬ ಸುಖ ಆಕೆಯ ಬೆರಳಿಗೆ ಅಂಟಿಕೊಂಡುಬಿಟ್ಟಿತು. ಹೋದ ವರ್ಷ ಒಂದು ಬೆಳಿಗ್ಗೆ, ಬಿಗಿಯಾದ ಕೋಟು ಹಾಕಿಕೊಂಡು ಕೈಯೆತ್ತಲಾಗದೆ ನಿಂತ ಮದುಮಗನ ಕಥೆಯನ್ನು ನರ್ಸಮ್ಮನಿಗೆ ಹೇಳುತ್ತಿದ್ದಳು. ನರ್ಸಮ್ಮ ಎಂದರೆ ಎದುರು ಮನೆಯವಳು, ಊರಿನ ಆಸ್ಪತ್ರೆಯಲ್ಲಿ ಕೆಲಸ. ಕಥೆ ಉದ್ದವಾಯಿತು. ಬೆರಳು ಗುಂಡಿಯ ಮೇಲೇ ಇತ್ತು. ಅದೇ ಹೊತ್ತಿಗೆ ಕೆಳಗಿನ ಮನೆಯ ಡ್ರಾಯಿಂಗ್ ಮೇಷ್ಟ್ರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಹೆಂಡತಿ ಮನೆಯಲ್ಲಿರಲಿಲ್ಲ. ಸೆಟ್ಟು ಕೈಯಲ್ಲೇ ಇತ್ತು. ಒತ್ತಿದರು, ಕೂಗಿದರು. ಅವರ ಕೂಗು ಯಾರಿಗೂ ಮುಟ್ಟಲಿಲ್ಲ, ಅವರಿಗೆ ಮಾತ್ರ ಮದುಮಗನ ಕೋಟಿನ ಕಥೆ ಮೊದಲಿನಿಂದ ಕೊನೆಯವರೆಗೆ ಕೇಳಿಸಿತು.

ಆಮೇಲೆ ಮೆಟ್ಟಿಲ ಮೇಲೆ ಪಂಚಾಯಿತಿ ಕೂತಿತು. ಮೇಷ್ಟ್ರು ಹಾಸಿಗೆಯಲ್ಲೇ ಇದ್ದುದರಿಂದ ಹೆಂಡತಿಯ ಕೈಲಿ ಹೇಳಿಕಳಿಸಿದ್ದರು: “ಆಕೆ ಹತ್ರ ಸೆಟ್ ಇರ್ಲಿ. ಕೇಳಿಸ್ಕೊಳ್ಳಲಿ. ಗುಂಡಿ ಬೇಡ.” ಫೋರ್‌ಮನ್ನರು ಮೈಕಮ್ಮನ ಸೆಟ್ಟಿನ ಗುಂಡಿಯ ಮೇಲೆ ಒಂದು ತಗಡಿನ ಪಟ್ಟಿ ಇಟ್ಟು ಸಣ್ಣ ತಿರುಪುಗಳಿಂದ ಬಿಗಿದುಕೊಟ್ಟರು. ಆಕೆ ಎದುರಾಡಲಿಲ್ಲ. ಓಣಿಯವರು ಆಕೆಯ ಮೌನವನ್ನು ಕಂಡದ್ದು ಅದೇ ಮೊದಲು.

ಮರುವಾರ ಮೇಷ್ಟ್ರ ಮನೆಗೆ ಹೋಗಿ ತಪ್ಪಾಯಿತು ಎಂದಳು. ಅವರು ಓದುತ್ತಿದ್ದ ಪತ್ರಿಕೆಯಿಂದ ತಲೆಯೆತ್ತದೆ, ಹೋಗುವಾಗ ಬಾಗಿಲು ಎಳೆದುಕೊಂಡು ಹೋಗಿ ಎಂದರು. ಅಷ್ಟೇ. ಅಂದಿನಿಂದ ಬೆಳಗಿನ ಕರೆಯಲ್ಲಿ ಆಕೆಯ ಮನೆಯ ಸರದಿ ಬಂದಾಗ, ನರ್ಸಮ್ಮ ತನ್ನ ಕಿಟಕಿಯಿಂದ ಇಣುಕಿ ‘ಎದುರು ಮನೆಯವರೂ ಇದ್ದಾರೆ, ಬಿಟ್ಟೆ’ ಅನ್ನುತ್ತಿದ್ದಳು. ಬದುಕಿದ್ದೇನೆ ಎಂಬುದನ್ನೂ ಬೇರೆಯವರ ಬಾಯಿಂದ ಹೇಳಿಸಬೇಕಾದ ಸ್ಥಿತಿ. ಗಂಡನ ಮೇಜಿನ ಮೇಲೆ ಆ ತಿರುಪುಗಳಿಗೆ ಸರಿಹೊಂದುವ ತಿರುಪುಳಿಗಳು ಸಾಲಾಗಿದ್ದವು. ಒಂದು ದಿನವೂ ಆಕೆ ಕೇಳಲಿಲ್ಲ, ಆತ ಕೊಡಲೂ ಇಲ್ಲ. ಆಕೆಗೆ ಬೇಕಾಗಿದ್ದದ್ದು ಗುಂಡಿಯಲ್ಲ. ಮೇಷ್ಟ್ರು ಎದುರಿಗೆ ಸಿಕ್ಕಾಗ ಒಂದು ಮಾತಾಡಬೇಕಿತ್ತು. ಕೋಲೂರಿಕೊಂಡು ನಡೆಯುವಂತಾದ ಮೇಲೂ ಅವರು ಆಕೆಯ ಅಂಗಡಿ ಬಂದಾಗ ಮೆಟ್ಟಿಲ ಆಚೆ ಬದಿಗೆ ಸರಿದು ಹೋಗುತ್ತಿದ್ದರು.

ಈ ವರ್ಷ ಮಳೆ ಬಿಡದೆ ಹೊಯ್ದ ವಾರದ ಕೊನೆಗೆ, ಬೆಳಗಿನ ಕರೆ ಮುಗಿದು ಜನ ಕೆಲಸಕ್ಕೆ ಹೊರಡುವ ಹೊತ್ತಿಗೆ, ತಡೆಗೋಡೆಯ ಕೆಳಭಾಗ ಉಬ್ಬಿ ಒಡೆಯಿತು. ಹಿಂದಿದ್ದ ಗುಡ್ಡದ ಮಣ್ಣು ಮೇಷ್ಟ್ರ ಮನೆಯ ಹಿಂಭಾಗವನ್ನು ನೂಕಿಕೊಂಡು ಇಳಿಯಿತು. ಮೇಷ್ಟ್ರ ಹೆಂಡತಿ ಅಂಗಳದಲ್ಲಿದ್ದಳು, ಉಳಿದಳು. ಮೇಷ್ಟ್ರು ಒಳಗೆ ಚಿತ್ರ ಬರೆಯುವ ಕೋಣೆಯಲ್ಲಿದ್ದರು. ಎಲ್ಲರೂ ದಿಕ್ಕು ತೋಚದೆ ನಿಂತಾಗ ಎಲ್ಲರ ಸೆಟ್ಟಿನಿಂದಲೂ ಅವರ ದನಿ ಬಂತು. “ಒಳಗಿದ್ದೀನಿ. ಕಾಲು ಸಿಕ್ಕೊಂಡಿದೆ, ತಲೆಗೆ ಏಟು ಬಿದ್ದಿದೆ. ಉಸಿರಾಡೋಕೆ ಜಾಗ ಇದೆ. ಕತ್ತಲು. ಯಾವ ಮೂಲೇಲಿದ್ದೀನಿ ಗೊತ್ತಾಗ್ತಿಲ್ಲ. ಬಿಟ್ಟೆ.”

ಒಬ್ಬ ತುದಿಯ ಮೆಟ್ಟಿಲಿಗೆ ಓಡಿ ರಕ್ಷಣಾ ದಳಕ್ಕೆ ಫೋನು ಮಾಡಿದ. ಕೆಳಗಿನ ರಸ್ತೆಯಲ್ಲೂ ಮಣ್ಣು ಬಿದ್ದಿದೆ, ಸುತ್ತಿ ಬರಲು ತಡವಾಗುತ್ತದೆ ಎಂದರಂತೆ. ಕಾಯುವುದಕ್ಕಾಗುವುದಿಲ್ಲ ಎಂದು ಫೋರ್‌ಮನ್ನರು ಓಣಿಯ ಗಂಡಸರು ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ಬುಟ್ಟಿ ಬಕೆಟ್ಟುಗಳಲ್ಲಿ ಮಣ್ಣು ಕೈಬದಲಿಸುವ ವ್ಯವಸ್ಥೆ ಮಾಡಿದರು. ತಲೆಗೆ ಏಟು ಬಿದ್ದವರು ಮಲಗಿಬಿಟ್ಟರೆ ಸ್ಥಿತಿ ಕೆಟ್ಟಿತೋ ಇಲ್ಲವೋ ತಿಳಿಯುವುದಿಲ್ಲ, ಎಚ್ಚರವಾಗಿಟ್ಟಿರಬೇಕು ಎಂದು ನರ್ಸಮ್ಮ ಸೆಟ್ಟು ಹಿಡಿದಳು. ಹೆಸರು ಕೇಳಿದಳು, ವಾರ ಕೇಳಿದಳು, ನೋವು ಎಲ್ಲಿ ಎಂದು ಕೇಳಿದಳು. ಒಳಗಿನಿಂದ ಬರುವ ಉತ್ತರ ಚಿಕ್ಕದಾಗುತ್ತ ಬಂತು. ಧೈರ್ಯವಾಗಿರಿ ಎಂದಳು. ಆಮೇಲೆ ಮತ್ತೆ ಧೈರ್ಯವಾಗಿರಿ ಎಂದಳು. ಆಸ್ಪತ್ರೆಯಲ್ಲಿ ಉತ್ತರ ಕೊಡುವ ರೋಗಿಗಳನ್ನು ಕಂಡವಳು ಆಕೆ. ಉತ್ತರವಿಲ್ಲದೆ ಮಾತು ಬೆಳೆಸುವುದು ಆಕೆಗೆ ಬರುತ್ತಿರಲಿಲ್ಲ.

ಆಗ ಮೇಷ್ಟ್ರು ಒಳಗಿನಿಂದ ಮೆಲ್ಲಗೆ ಹೇಳಿದರು: “ನರ್ಸಮ್ಮ, ನಿಮ್ಮ ಮಾತಿಗೆ ನಿದ್ದೆ ಬರ್ತಿದೆ. ಮೈಕಮ್ಮನ್ನ ಕರೀರಿ. ಬಿಟ್ಟೆ.”

ಬುಟ್ಟಿ ಸಾಲಿನಲ್ಲಿ ಮೊಣಕಾಲವರೆಗೆ ಕೆಸರಾಗಿ ನಿಂತಿದ್ದ ಮೈಕಮ್ಮ ಇದನ್ನು ಪಕ್ಕದವಳ ಸೆಟ್ಟಿನಲ್ಲಿ ಕೇಳಿದಳು. ಕೈಯಲ್ಲಿದ್ದ ಬುಟ್ಟಿಯನ್ನು ಯಾರಿಗೆ ಕೊಟ್ಟಳೋ ಆಕೆಗೇ ತಿಳಿಯಲಿಲ್ಲ. ಫೋರ್‌ಮನ್ನರು ಆಕೆಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಲೆಕ್ಕ ಬಿಡಿಸಿ ಹೇಳಿದರು. ಸೆಟ್ಟಿಗೆ ಕೇಳಿಸಿಕೊಳ್ಳಲು ಸ್ವಲ್ಪ ಶಕ್ತಿ ಸಾಕು, ಮಾತು ಕಳಿಸಲು ಅದರ ಹಲವು ಪಾಲು ಬೇಕು. ಮೇಷ್ಟ್ರ ಬ್ಯಾಟರಿ ಉಳಿಯಬೇಕಾದರೆ ಅವರು ಮಾತಾಡಕೂಡದು. ಬರೀ ಗುಂಡಿ ಒತ್ತಿ ಬಿಟ್ಟರೆ ಈ ಕಡೆ ‘ಟಕ್’ ಎಂಬ ಸದ್ದು ಬರುತ್ತದೆ. ಒಂದು ಟಕ್ ಎಂದರೆ ಇದ್ದೇನೆ, ಎರಡು ಎಂದರೆ ನೋವು ಹೆಚ್ಚಿದೆ. ಆದರೆ ಆಕೆ ಗುಂಡಿ ಬಿಟ್ಟರೆ ಮಾತ್ರ ಆ ಟಕ್ ಕೇಳಿಸೀತು.

ಇನ್ನೊಂದು ಮಾತನ್ನೂ ಅವರು ಹೇಳಿದರು. “ನೀವು ಇಲ್ಲಿರಬಾರ್ದು. ನಿಮ್ಮ ಅಂಗಡಿಗೆ ಹೋಗಿ ಬಾಗಿಲು ಹಾಕ್ಕೊಳ್ಳಿ. ಎಲ್ಲರ ಸೆಟ್ಟೂ ಆರಿಸ್ತೀನಿ. ನನ್ನದೊಂದು ಕಿವಿಗೆ ಹಚ್ಚಿ ಸಣ್ಣಗಿಟ್ಕೋತೀನಿ. ಆಗ ಈ ಮಣ್ಣಿಂದ ನಿಮ್ಮ ದನಿ ಎಲ್ಲಿ ಬರುತ್ತೋ ಅಲ್ಲಿದ್ದಾರೆ ಮೇಷ್ಟ್ರು.”

ಅಂಗಡಿಯಲ್ಲಿ ಗಂಡ ಆಗಲೇ ಆಕೆಯ ಸೆಟ್ಟನ್ನು ಮೇಜಿನ ಮೇಲಿಟ್ಟುಕೊಂಡು ತಿರುಪು ಬಿಚ್ಚುತ್ತಿದ್ದ. ತಗಡಿನ ಪಟ್ಟಿ ಕಳಚಿ ಬಿತ್ತು. ಮೈಕಮ್ಮ ಸೆಟ್ಟು ಕೈಗೆತ್ತಿಕೊಂಡಳು.

“ರೀ, ನಾನು ಹಿಡಿದ್ರೆ ಬಿಡೋದು ಮರೀತೀನಿ.”

“ನಾನು ಬೆರಳೆತ್ತುತ್ತೀನಿ. ಆಗ ಬಿಡು.”

ಅಷ್ಟು ಉದ್ದದ ಮಾತು ಆತ ಆ ವಾರದಲ್ಲಿ ಆಡಿರಲಿಲ್ಲ.

ಆಕೆ ಒತ್ತಿದಳು. “ಮೇಷ್ಟ್ರೇ, ನಾನು. ಸೆಟ್ಟಿನ ದನಿ ಪೂರ್ತಿ ಏರಿಸ್ಕೊಳ್ಳಿ. ನನ್ನ ದನಿಗೆ ಅದರ ಅಗತ್ಯ ಇಲ್ಲ ಅಂತೀರಿ, ಆದ್ರೂ ಏರಿಸಿ. ನೀವು ಮಾತಾಡ್ಬೇಡಿ, ಒಂದ್ಸಲ ಒತ್ತಿ ಬಿಡಿ ಸಾಕು. ಬಿಟ್ಟೆ.” ಗಂಡನ ಬೆರಳು ಏಳುವ ಮೊದಲೇ ಬಿಟ್ಟಳು. ಕಾದಳು. ಟಕ್.

ಆ ಒಂದು ಸದ್ದಿಗೆ ಆಕೆಯ ಬೆನ್ನು ನೆಟ್ಟಗಾಯಿತು. ಒಂದು ಸಲ ತನ್ನ ಮಾತಿನಿಂದಲೇ ಆ ಮನುಷ್ಯ ಬಿದ್ದಲ್ಲೇ ಬಿದ್ದಿದ್ದರು. ಇವತ್ತು ತಾನು ತಪ್ಪಿದರೆ ಅವರು ಏಳುವುದೇ ಇಲ್ಲ. ಆಕೆ ಶುರುಮಾಡಿದಳು. ಗಿರಣಿಯ ಗೇಟಿನಲ್ಲಿ ನಿಂತು ತಡವಾಗಿ ಬಂದವರನ್ನು ವಾಸನೆಯಿಂದಲೇ ಗುರುತಿಸುತ್ತಿದ್ದ ಕಾವಲುಗಾರ, ನಿದ್ದೆಯಲ್ಲೂ ಕೈಯಾಡಿಸಿ ನೂಲು ಗಂಟು ಹಾಕುತ್ತಿದ್ದ ಗೆಳತಿ, ಒಂದೇ ಪ್ಯಾಂಟನ್ನು ಮೂರು ಸಲ ಗಿಡ್ಡ ಮಾಡಿಸಿಕೊಂಡು ಕೊನೆಗೆ ಚಡ್ಡಿ ಮಾಡಿಕೊಂಡ ಗಿರಾಕಿ. ಒಂದು ಉಸಿರಿನಷ್ಟು ಮಾತು, ಗಂಡನ ಬೆರಳು ಏಳುತ್ತಿತ್ತು, ಬಿಡುತ್ತಿದ್ದಳು. ಟಕ್. ಮತ್ತೊಂದು ಉಸಿರು. ಟಕ್. ಒಮ್ಮೆ ಎರಡು ಟಕ್ ಬಂತು. ಸಮಾಧಾನ ಹೇಳದೆ, ಚಡ್ಡಿಯ ಗಿರಾಕಿಯ ಹೆಂಡತಿ ಅದನ್ನು ನೋಡಿ ಏನಂದಳೆಂದು ಹೇಳಿದಳು. ಆಮೇಲೆ ಒಂದೇ ಟಕ್ ಬಂತು.

ಮಾತಿನ ಸರಕು ಮುಗಿಯುತ್ತ ಬಂದಾಗ ಆಕೆ, ಎದುರಿಗೆ ಕೂತು ಕೇಳುತ್ತಿದ್ದ ಗಂಡನ ಕಥೆಯನ್ನೇ ಹಿಡಿದಳು.

“ನಮ್ಮ ಖಾತೇಲಿ ಗೋಡೆ ಗಡಿಯಾರ ಒಂದು ದಿನ ನಿಂತುಹೋಯ್ತು, ಮೇಷ್ಟ್ರೇ. ಸರಿಮಾಡೋಕೆ ಒಬ್ಬರು ಬಂದ್ರು. ನನ್ನ ಹತ್ರ ಬಂದು ಏನೋ ಅಂದ್ರು. ಗದ್ದಲದಲ್ಲಿ ಕೇಳಿಸ್ಲಿಲ್ಲ. ನಾವು ತುಟಿ ನೋಡಿ ತಿಳ್ಕೊಳ್ಳೋರು. ಇವರದು ಎಂಥಾ ಮೀಸೆ ಅಂತೀರಿ, ತುಟಿನೇ ಕಾಣ್ತಿರ್ಲಿಲ್ಲ. ಬಿಟ್ಟೆ.” ಟಕ್. “ಇನ್ನೊಂದ್ಸಲ ಅಂದ್ರು. ಮೀಸೆ ಅಲ್ಲಾಡ್ತು, ಅಷ್ಟೇ. ಆಮೇಲೆ ಸೀದಾ ಹೋಗಿ ಗೋಡೆ ಮೇಲಿದ್ದ ದೊಡ್ಡ ಸ್ವಿಚ್ಚನ್ನೇ ಕೆಳಗೆಳೆದ್ರು. ಇಡೀ ಖಾತೆ ನಿಂತುಹೋಯ್ತು. ಎಲ್ಲ ಹೆಂಗಸರೂ ತಿರುಗಿ ನೋಡ್ತಿದ್ದಾರೆ. ಬಿಟ್ಟೆ.”

ಟಕ್ ಬರಲಿಲ್ಲ.

ಆಕೆ ಕಾದಳು. ಮತ್ತೆ ಒತ್ತಿ ಕರೆದು, ಮತ್ತೆ ಬಿಟ್ಟಳು. ಸೆಟ್ಟು ಬರೀ ಸುಯ್ ಎಂದಿತು. ಗಂಡನ ಕಡೆ ನೋಡಿದಳು.

“ಬ್ಯಾಟರಿ ಸೋತಿರ್ಬೇಕು,” ಎಂದ ಆತ. “ಕಳಿಸೋಕೆ ಸಾಲದೆ ಹೋದ್ರೂ ಕೇಳೋಕೆ ಇನ್ನೂ ಸ್ವಲ್ಪ ಹೊತ್ತು ಸಾಲುತ್ತೆ.”

“ಅಲ್ಲದಿದ್ರೆ?”

“ಅವರಿಗೆ ಕೇಳಿಸ್ತಿದೆ ಅಂದ್ಕೊಂಡೇ ಹೇಳು.”

ಆಕೆ ಕಣ್ಣೊರೆಸಿಕೊಂಡು ಒತ್ತಿದಳು. ಕಥೆ ಮುಗಿಸುವುದು ಸುಲಭವಿತ್ತು, ಇನ್ನೊಂದೇ ಮಾತು ಬಾಕಿ. ಆದರೆ ಕಥೆ ಮುಗಿದರೆ ಕೇಳುವವನ ಕಣ್ಣು ಮುಚ್ಚುತ್ತದೆ ಎಂಬುದು ಹಸುಗೂಸು ಮಲಗಿಸಿದ ಯಾವ ಹೆಂಗಸಿಗೂ ಗೊತ್ತು. ಆಕೆ ಬಾಗಿಲ ತನಕ ಬಂದ ಕಥೆಯನ್ನು ಒಳಗೆ ಬಿಡದೆ ಅಂಗಳದಲ್ಲೇ ಸುತ್ತಿಸಿದಳು. ಮೀಸೆಯ ಬಣ್ಣ ಹೇಳಿದಳು, ಅದರ ಎಡತುದಿ ಬಲತುದಿಗಿಂತ ಉದ್ದವಿದ್ದದ್ದನ್ನು ಹೇಳಿದಳು. ಸ್ವಿಚ್ಚಿನ ಹಿಡಿ ಹೇಗಿತ್ತು, ಮೇಲ್ವಿಚಾರಕ ಯಾವ ಬಾಗಿಲಿನಿಂದ ಓಡಿಬಂದ, ಓಡುವಾಗ ಅವನ ಚಪ್ಪಲಿ ಎಲ್ಲಿ ಉಳಿಯಿತು. ಬಾಳಿನುದ್ದಕ್ಕೂ ಬೈಸಿಕೊಂಡ ಗುಣವೆಲ್ಲ ಅಂದು ಆಕೆಯ ಕೈಗೆ ಹತಾರವಾಗಿ ಬಂತು. ನಡುನಡುವೆ ಬಿಟ್ಟು ಕಾಯುವುದನ್ನು ಮಾತ್ರ ಬಿಡಲಿಲ್ಲ. ಟಕ್ ಬರಲಿಲ್ಲ. ಆದರೂ ಗಂಡ ಬೆರಳೆತ್ತಿದ, ಆಕೆ ಬಿಟ್ಟಳು, ಮತ್ತೆ ಹಿಡಿದಳು.

ಕೆಳಗೆ ಏನಾಗುತ್ತಿತ್ತು ಎಂಬುದು ಆಕೆಗೆ ಆಗ ಗೊತ್ತಿರಲಿಲ್ಲ, ಆಮೇಲೆ ನರ್ಸಮ್ಮ ಹೇಳಿದಳು. ಅವರೆಲ್ಲ ಅಡುಗೆಮನೆಯ ಬಾಗಿಲ ಕಡೆಯಿಂದ ಅಗೆಯುತ್ತಿದ್ದರು, ಕೋಣೆ ಇದ್ದದ್ದು ಆ ಕಡೆ. ಟಕ್ ನಿಂತದ್ದು ತಿಳಿದ ಫೋರ್‌ಮನ್ನರು ಕೈ ಮೇಲೆತ್ತಿದರು. ಗುದ್ದಲಿ ನಿಂತವು, ಬುಟ್ಟಿ ನಿಂತವು, ಅಳುತ್ತಿದ್ದ ಮೇಷ್ಟ್ರ ಹೆಂಡತಿ ಸೆರಗು ಬಾಯಿಗೊತ್ತಿಕೊಂಡಳು. ಫೋರ್‌ಮನ್ನರು ತಮ್ಮ ಸೆಟ್ಟನ್ನೂ ಆರಿಸಿ, ಮಣ್ಣಿಗೆ ಕಿವಿಯಿಟ್ಟು ಅಂಗುಲ ಅಂಗುಲ ಸರಿದರು. ಮಣ್ಣು ತೆಪ್ಪಗಿತ್ತು. ಎಡಕ್ಕೆ, ಯಾರೂ ಎಣಿಸದಿದ್ದ ಬೇಲಿಯ ಹತ್ತಿರ ಬಂದಾಗ, ನೆಲದೊಳಗಿನಿಂದ ಸಣ್ಣಗೆ, ಆದರೆ ಅಕ್ಷರ ಬಿಡದೆ ಕೇಳಿಸಿತಂತೆ: ‘ಎಡಗಡೆ ಮೀಸೆ’. ಗುಡ್ಡದ ಮಣ್ಣು ಕೋಣೆಯ ಅರ್ಧವನ್ನೇ ಬೇಲಿಯವರೆಗೆ ತಳ್ಳಿಕೊಂಡು ಹೋಗಿತ್ತು. ಬೇರೆ ಯಾರ ದನಿಯಾಗಿದ್ದರೂ ಅಷ್ಟು ಮಣ್ಣು ದಾಟಿ ಬರುತ್ತಿರಲಿಲ್ಲ ಎಂದು ನರ್ಸಮ್ಮ ಆಣೆ ಮಾಡಿ ಹೇಳುತ್ತಾಳೆ. ಎಲ್ಲರೂ ಅತ್ತ ತಿರುಗಿದರು. ಅಷ್ಟರಲ್ಲಿ ರಕ್ಷಣಾ ದಳದವರೂ ಜಾಕುಗಳನ್ನು ಹೊತ್ತು ಮೆಟ್ಟಿಲಿಳಿದು ಬಂದು, ಬಾಗಿದ ತೊಲೆಯನ್ನು ಎತ್ತಿ ಹಿಡಿದರು.

ಅಂಗಡಿಯಲ್ಲಿ ಮೈಕಮ್ಮನ ಗಂಟಲು ಒಣಗಿ ದನಿ ಸೀಳುತ್ತಿತ್ತು. ಗಂಡ ನೀರಿನ ಲೋಟ ತುಟಿಗೆ ಹಿಡಿದ. ಒಂದು ಗುಟುಕು ಕುಡಿದು ಮತ್ತೆ ಒತ್ತಿದಳು. “ಮೇಲ್ವಿಚಾರಕ ಒಂದೇ ಕಾಲಲ್ಲಿ ಚಪ್ಪಲಿ ಹಾಕ್ಕೊಂಡು ನಿಂತಿದ್ದಾನೆ, ಮೇಷ್ಟ್ರೇ. ಇವರು ಏಣಿ ಹಿಡಿದಿದ್ದಾರೆ, ಮೀಸೆ ತಿರುವ್ತಿದ್ದಾರೆ. ಬಿಟ್ಟೆ.”

ಸೆಟ್ಟು ಗೊರಗುಟ್ಟಿತು.

“ಮೀಸೆ ಸಾಕು,” ಎಂದಿತು ಒಂದು ದನಿ. ಧೂಳು ತುಂಬಿದ, ಕೀರಲು ದನಿ. “ಸ್ವಿಚ್ ಆರಿಸಿ ಏನಂದ್ರು, ಅದನ್ನ ಹೇಳಿ. ಬಿಟ್ಟೆ.”

ಮೈಕಮ್ಮ ಗುಂಡಿ ಒತ್ತಿ ಗಂಡನ ಕಡೆ ನೋಡಿದಳು. ಗಂಡ ಮಸೂರ ಕಳಚಿ ಮೇಜಿನ ಮೇಲಿಟ್ಟು, ಈ ಸಲ ಬೆರಳೆತ್ತದೆ, ಹೇಳು ಎಂಬಂತೆ ತಲೆಯಾಡಿಸಿದ.

“ಏಣಿ ಹಿಡ್ಕೋತೀರಾ ಅಂದ್ರು,” ಎಂದಳು. “ಅಷ್ಟೇ ಅಂದ್ರು. ಅಷ್ಟಕ್ಕೆ ಇಡೀ ಖಾತೆ ನಿಲ್ಲಿಸಿದ್ರು. ಬಿಟ್ಟೆ.”

ಕೆಳಗೆ, ಹೊರಗೆ ಬಂದ ಮೇಷ್ಟ್ರ ಬಾಯಿಗೆ ಫೋರ್‌ಮನ್ನರು ತಮ್ಮ ಸೆಟ್ಟನ್ನು ಹಿಡಿದಿದ್ದರು. ಅಷ್ಟರಲ್ಲಿ ಓಣಿಯವರು ತಮ್ಮ ತಮ್ಮ ಸೆಟ್ಟು ಹಚ್ಚಿಕೊಂಡಿದ್ದರು. ಒಂದರ ಮೇಲೊಂದು ನಗು, ಕೇಕೆ, ಅಳು ಬಂದು ಬಿತ್ತು. ಯಾರೂ ‘ಬಿಟ್ಟೆ’ ಅನ್ನಲಿಲ್ಲ. ಯಾರ ಮಾತೂ ಯಾರಿಗೂ ಅರ್ಥವಾಗಲಿಲ್ಲ. ಸುರಂಗದ ಶಿಸ್ತು ಆ ಗಳಿಗೆಗೆ ಮಣ್ಣುಪಾಲಾಯಿತು, ಫೋರ್‌ಮನ್ನರು ತಡೆಯಲೂ ಹೋಗಲಿಲ್ಲ.

ಆಕೆ ಬಾಗಿಲು ತೆರೆದು ಮೆಟ್ಟಿಲಿಗೆ ಬಂದಳು. ಸ್ಟ್ರೆಚರ್ ಮೇಲೇರಿ ಬರುತ್ತಿತ್ತು. ಮೇಷ್ಟ್ರು ಅಡಿಯಿಂದ ಮುಡಿಯವರೆಗೆ ಮಣ್ಣಿನ ಬಣ್ಣ, ಕಣ್ಣು ಮಾತ್ರ ಬೆಳ್ಳಗೆ. ಅಂಗಡಿಯ ಮುಂದೆ ಬಂದಾಗ ಅವರು ಕೈಯೆತ್ತಿ ಹೊರುವವರನ್ನು ನಿಲ್ಲಿಸಿದರು.

“ಕೋಟಿನ ಕಥೆಗಿಂತ ಇದು ವಾಸಿ ಇತ್ತು,” ಎಂದರು.

ಮೈಕಮ್ಮ ಅವರ ಮಣ್ಣು ಮೆತ್ತಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವರು ಬಿಡಿಸಿಕೊಳ್ಳಲಿಲ್ಲ.

ಮುಂದಿನ ಮೆಟ್ಟಿಲುಗಳಲ್ಲಿ ಜನ ಕಿಕ್ಕಿರಿದಿದ್ದರು, ತುದಿಯಲ್ಲಿ ಆಂಬುಲೆನ್ಸು ಕಾಯುತ್ತಿತ್ತು. ಕೂಗಿ ಕೂಗಿ ಫೋರ್‌ಮನ್ನರ ಗಂಟಲು ಕಟ್ಟಿತ್ತು. ಅವರು ಆಕೆಯ ಕೈಲಿದ್ದ ಸೆಟ್ಟಿನ ಕಡೆ ಗಲ್ಲವೆತ್ತಿ ತೋರಿಸಿ, ದಾರಿ ಬಿಡಿಸಿ ಎಂದರು. ಆಕೆ ಸೆಟ್ಟನ್ನು ಬಾಯಿಗೆ ಹಿಡಿದಳು.

“ಮೇಷ್ಟ್ರು ಬಂದ್ರು. ಗೋಡೆಗೆ ಒರಗಿ ನಿಂತ್ಕೊಳ್ಳಿ ಎಲ್ರೂ. ಬಿಟ್ಟೆ.”

ಮೆಟ್ಟಿಲ ಎರಡೂ ಬದಿಯ ಕಿಟಕಿಗಳಿಂದ, ಸೊಂಟಗಳಿಂದ, ಜೇಬುಗಳಿಂದ ಒಂದೇ ಸಲಕ್ಕೆ ಆ ದನಿ ಮೊಳಗಿತು. ಜನ ಗೋಡೆಗೆ ಸರಿದರು. ನಡುವೆ ತೆರೆದ ದಾರಿಯಲ್ಲಿ ಸ್ಟ್ರೆಚರ್ ತಡೆಯಿಲ್ಲದೆ ಮೇಲೇರಿತು.